ಜಪ್ತಿ ಇಂಗ್ಲಿಷಿನಲ್ಲಿ, ಹಸಿವು ಕನ್ನಡದಲ್ಲಿ!



ನಾನು ವಕೀಲನಲ್ಲ. ಭಾಷಣಕಾರನೂ ಅಲ್ಲ. ಪಿಯುಸಿಗೆ ಓದು ನಿಲ್ಲಿಸಿ ಅಪ್ಪನ ಟ್ರೆಡಲ್ ಮಷೀನಿಗೆ ಕೈ ಹಚ್ಚಿದವನು. ಮೊಳೆ ಜೋಡಿಸುವ ಕಾಲ ಹೋಗಿ ಡಿಟಿಪಿ ಬಂತು, ಟ್ರೆಡಲ್ ಹೋಗಿ ಆಫ್‌ಸೆಟ್ ಬಂತು, ಪ್ರೆಸ್ಸು ಮಾತ್ರ ಕೋರ್ಟಿನ ಹಿಂದಿನ ಅದೇ ಗಲ್ಲಿಯಲ್ಲಿದೆ. ನವೆಂಬರ್ ಬಂದರೆ ರಾಜ್ಯೋತ್ಸವದ ಕರಪತ್ರ, ವೈಶಾಖದಲ್ಲಿ ಮದುವೆ ಕಾರ್ಡು. ಉಳಿದ ದಿನಗಳಲ್ಲಿ ನಮ್ಮ ಅನ್ನ ಕೋರ್ಟಿನದು. ವಕಾಲತ್ತು ಫಾರಂ, ಅಫಿಡವಿಟ್ಟು, ಕೇಸ್ ಕಟ್ಟಿನ ಹೊದಿಕೆ, ಫೈನಾನ್ಸಿನವರ ಸಾಲಪತ್ರ, ಜಾಮೀನು ಪತ್ರ. ರೀಮುಗಟ್ಟಲೆ ಅಚ್ಚು ಹಾಕಿದ್ದೇನೆ. ಮುಕ್ಕಾಲು ಪಾಲು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಸಾಲಪತ್ರ ಬೇಕು ಎಂದು ಆರ್ಡರ್ ಕೊಟ್ಟ ಫೈನಾನ್ಸಿನವರನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ನಾನೂ ಕೇಳಲಿಲ್ಲ. ಬಿಲ್ಲು ಪಾಸಾದರೆ ಸಾಕು ಎಂದುಕೊಂಡು ಕೂತೆ.

ಆ ಪಾಪದ ಲೆಕ್ಕ ನನ್ನ ಬಾಗಿಲಿಗೇ ಬಂತು.

2019ರಲ್ಲಿ ಒಂದು ದಿನ ಕೋರ್ಟಿನ ಅಮೀನರು ಬಂದು ನನ್ನ ಕೈಗೆ ಒಂದು ಕಾಗದ ಕೊಟ್ಟು ರುಜು ಹಾಕಿಸಿಕೊಂಡರು. ಪೂರ್ತಿ ಇಂಗ್ಲಿಷು. ಮೂರು ಸಲ ಓದಿದೆ. ಅರ್ಥವಾದದ್ದು ಇಷ್ಟು: ನಮ್ಮ ಬೈಂಡಿಂಗಿನಲ್ಲಿ ಮಡಿಸುವ, ಪಿನ್ ಹೊಡೆಯುವ ಕೆಲಸ ಮಾಡುವ ಅಕ್ಕನ ಸಂಬಳವನ್ನು ಪ್ರತಿ ತಿಂಗಳೂ ಹಿಡಿದು ಕೋರ್ಟಿಗೆ ಕಟ್ಟಬೇಕು. ಅಕ್ಕನನ್ನು ಕರೆದು ಕೇಳಿದರೆ ಆಕೆಗೆ ಕೈಕಾಲು ನಡುಕ. ‘ಅಣ್ಣಾ, ಪಕ್ಕದ ಮನೆಯವಳು ಸಾಲ ತಗೊಂಡಾಗ ಒಂದು ಸಹಿ ಹಾಕು ಅಂದಳು, ಹಾಕಿದ್ದೆ. ಆಮೇಲೆ ಅವಳು ಮನೆ ಖಾಲಿ ಮಾಡಿ ಹೋದಳು. ಕೋರ್ಟಿಂದ ಒಂದು ಕಾಗದ ಬಂದಿತ್ತು, ಓದೋಕೆ ಬರಲಿಲ್ಲ, ದೇವರ ಪಟದ ಹಿಂದೆ ಇಟ್ಟಿದ್ದೀನಿ’ ಎಂದಳು. ದೇವರ ಪಟದ ಹಿಂದೆ! ನಾಲ್ಕನೇ ಕ್ಲಾಸು ಓದಿದ ಹೆಣ್ಣುಮಗಳಿಗೆ ಇಂಗ್ಲಿಷ್ ದಾವೆಯ ನಕಲು ಕೊಟ್ಟರೆ ಆಕೆ ಅದನ್ನು ಇನ್ನೆಲ್ಲಿ ಇಡಬೇಕು? ಕೋರ್ಟಿಗೆ ಆಕೆ ಹೋಗಲಿಲ್ಲ, ಏಕಪಕ್ಷೀಯ ಡಿಕ್ರಿ ಆಯಿತು, ಆಮೇಲೆ ಜಪ್ತಿ ಬಂತು.

ಆ ಫೈನಾನ್ಸಿನ ಜಾಮೀನು ಪತ್ರ ನನ್ನ ಪ್ರೆಸ್ಸಿನಲ್ಲಿ ಅಚ್ಚಾದದ್ದೇ ಇರಬಹುದೇ ಎಂದು ಆ ರಾತ್ರಿ ಹಳೆಯ ಬಿಲ್ ಬುಕ್ಕು ತೆಗೆದು ನೋಡಿದೆ. ಇರಲಿಲ್ಲ. ಆದರೆ ಅಂಥದೇ ಇನ್ನೂ ಮೂರು ಇದ್ದವು.

ಅಕ್ಕನ ಸಂಬಳ ಆಗ 9,000 ರೂಪಾಯಿ. ಮೊದಲ ಸಾವಿರ ಬಿಟ್ಟು ಉಳಿದದ್ದರಲ್ಲಿ ಮೂರನೇ ಒಂದು ಭಾಗ ಹಿಡಿಯಬೇಕು ಎಂದು ಪರಿಚಯದ ಗುಮಾಸ್ತರೊಬ್ಬರು ಲೆಕ್ಕ ಹಾಕಿಕೊಟ್ಟರು. ತಿಂಗಳಿಗೆ 2,666. ಏಳು ತಿಂಗಳು ಹಿಡಿದೆ, ಕಟ್ಟಿದೆ. ಒಟ್ಟು 18,662 ರೂಪಾಯಿ. ಆ ಏಳು ತಿಂಗಳು ಅಕ್ಕ ಮಧ್ಯಾಹ್ನದ ಬುತ್ತಿ ತರುವುದನ್ನು ನಿಲ್ಲಿಸಿದ್ದಳು. ಕೇಳಿದರೆ ‘ಶುಕ್ರವಾರದ ಉಪವಾಸ’ ಎನ್ನುತ್ತಿದ್ದಳು. ವಾರದಲ್ಲಿ ಆರು ಶುಕ್ರವಾರ!

ಈಗ ಕೇಳಿ ಅಸಲು ವಿಷಯ. ಕೂಲಿ ಕೆಲಸದವರ ಕೂಲಿಯನ್ನು ಸಾಲದ ಡಿಕ್ರಿಗೆ ಜಪ್ತಿ ಮಾಡುವ ಹಾಗೇ ಇಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಹಾಗೆ ಹೇಳುತ್ತದೆ. ಕೂಲಿಯವರದು, ಮನೆಗೆಲಸದವರದು, ಹಣವಾಗಿ ಕೊಟ್ಟರೂ ಧಾನ್ಯವಾಗಿ ಕೊಟ್ಟರೂ ಮುಟ್ಟುವಂತಿಲ್ಲ. ಮೂರನೇ ಒಂದು ಭಾಗದ ಲೆಕ್ಕ ಸಂಬಳದಾರ ನೌಕರರಿಗೆ. ಬ್ರಿಟಿಷರ ಕಾಲದ ಕಾನೂನು ಕೂಡ ಕೂಲಿಯವರ ಗಂಜಿಗೆ ಬೇಲಿ ಹಾಕಿತ್ತು. ಆ ಬೇಲಿ ಇದೆ ಎಂದು ಅಕ್ಕನಿಗೆ ಹೇಳುವವರು ಯಾರೂ ಇರಲಿಲ್ಲ. ನನಗೂ ಗೊತ್ತಿರಲಿಲ್ಲ. ಅರ್ಜಿ ಹಾಕಿದ ವಕೀಲರಿಗೆ ಗೊತ್ತಿದ್ದರೂ ಅವರೇಕೆ ಹೇಳುತ್ತಾರೆ?

ಅಟ್ಟದ ಮೇಲಿನ ಕಟ್ಟು

ನಮಗೆ ಗೊತ್ತಾದ ಬಗೆ ಇನ್ನೂ ನಾಚಿಕೆಯದು. ಮದುವೆ ಕಾರ್ಡು ಕಟ್ಟಲು ರದ್ದಿ ಬೇಕಾಗಿ ಅಟ್ಟ ಹತ್ತಿದೆ. ಅಲ್ಲಿ ಎರಡು ಕಟ್ಟು ಕರಪತ್ರ. 2016ರಲ್ಲಿ ಒಂದು ಕಚೇರಿಯವರು 5,000 ಪ್ರತಿ ಅಚ್ಚು ಹಾಕಿಸಿ, ಫೋಟೋ ತೆಗೆಸಿಕೊಳ್ಳುವ ಸಮಾರಂಭಕ್ಕೆ ಬೇಕಾದಷ್ಟು ಒಯ್ದು, ಉಳಿದದ್ದನ್ನು ಬಿಟ್ಟುಹೋಗಿದ್ದರು. ‘ಉಚಿತ ಕಾನೂನು ನೆರವು’ ಎಂದು ತಲೆಬರಹ. ಒಳಗೆ ಒಂದು ಸಾಲು, ಸಾಲೇನು, ಹಗ್ಗ: ‘ಸದರಿ ಅಧಿನಿಯಮದ 12ನೇ ಪ್ರಕರಣದ ಮೇರೆಗೆ ಅರ್ಹತಾ ಮಾನದಂಡಗಳನ್ನು ಪೂರೈಸುವಂಥ ವ್ಯಕ್ತಿಗಳು...’ ಹೀಗೇ ಏಳು ಸಾಲು ಹೋಗಿ ಕೊನೆಯಲ್ಲಿ ಒಂದು ಪದ: ‘ಮಹಿಳೆಯರು’.

ಅದನ್ನು ಪ್ರೂಫ್ ನೋಡಿದವನು ನಾನು. ಒಂದೊಂದೇ ಹಾಳೆಯನ್ನು ಮೂರು ಮಡಿಕೆ ಮಾಡಿದವಳು ಅಕ್ಕ! ತನ್ನ ಹಕ್ಕಿನ ಪತ್ರವನ್ನು ತಾನೇ ಸಾವಿರಗಟ್ಟಲೆ ಮಡಿಸಿದ್ದಳು. ಮಡಿಕೆ ನೆಟ್ಟಗೆ ಬಂದಿತ್ತು, ಅರ್ಥ ಒಳಗೇ ಉಳಿದಿತ್ತು. ಅಕ್ಷರ ಕನ್ನಡದ್ದಾದರೆ ಸಾಲದು ಗೆಳೆಯರೇ. ಇಂಗ್ಲಿಷಿನ ಹೆಣಕ್ಕೆ ಕನ್ನಡದ ಪಂಚೆ ಉಡಿಸಿ ಕೂರಿಸಿದರೆ ಅದು ಎದ್ದು ಮಾತಾಡುವುದಿಲ್ಲ.

ಮರುದಿನವೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕೋಣೆ ಹುಡುಕಿಕೊಂಡು ಹೋದೆವು. ಹತ್ತಾರು ವರ್ಷದಿಂದ ಆ ಆವರಣದಲ್ಲಿ ಓಡಾಡುವ ನನಗೇ ಅದು ಎಲ್ಲಿದೆ ಎಂದು ಗೊತ್ತಿರಲಿಲ್ಲ. ಅರ್ಜಿ ಕೊಟ್ಟೆವು, ಒಬ್ಬ ವಕೀಲರನ್ನು ಗೊತ್ತು ಮಾಡಿದರು. ಅವರು ಮೊದಲ ದಿನವೇ ‘ಟೈಪಿಂಗ್ ಖರ್ಚು’ ಎಂದು 1,500 ಕೇಳಿದರು. ಅಕ್ಕ ಕೊಟ್ಟೂಬಿಟ್ಟಳು. ಎರಡು ವಾಯಿದೆಗೆ ಅವರ ಪತ್ತೆಯಿಲ್ಲ. ನಾನು ಹೋಗಿ ಕಾರ್ಯದರ್ಶಿಯವರ ಮುಂದೆ ನಿಂತು ಲಿಖಿತ ದೂರು ಕೊಟ್ಟೆ. ಆಗ ವಕೀಲರು ಬದಲಾದರು. ಹೊಸದಾಗಿ ಬಂದವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಗದ ನೋಡಿ ‘ಅಮ್ಮ, ನೀವು ಮಾಡೋದು ಏನು ಕೆಲಸ?’ ಎಂದು ಕೇಳಿದರು. ಅಷ್ಟೇ ಪ್ರಶ್ನೆ! ಏಳು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ. ತಕರಾರು ಅರ್ಜಿ ಹಾಕಿದರು, ನಾಲ್ಕು ತಿಂಗಳಲ್ಲಿ ಜಪ್ತಿ ರದ್ದಾಯಿತು. ಕಟ್ಟಿದ ಹಣ ವಾಪಸು ಬರಲಿಲ್ಲ. ಸಾಲದ ಡಿಕ್ರಿಯೂ ಹಾಗೇ ಇದೆ, ಅದು ಬೇರೆ ಮಾತು. ತಿಂಗಳ ಕೂಲಿ ಮಾತ್ರ ಈಗ ಪೂರ್ತಿ ಮನೆಗೆ ಹೋಗುತ್ತಿದೆ.

ಇದು ಭಿಕ್ಷೆಯಲ್ಲ

‘ಉಚಿತ’ ಎಂಬ ಪದ ಕೇಳಿದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ಧರ್ಮಾಸ್ಪತ್ರೆ ನೆನಪಾಗುತ್ತದೆ. ತಪ್ಪು. 1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಸರ್ಕಾರವೇ ಉಚಿತ ನೆರವು ಕೊಡಬೇಕು ಎಂದು ಅದು ಹೇಳುತ್ತದೆ. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಆಯಿತು. ಜಾರಿಗೆ ಬರಲು ಎಂಟು ವರ್ಷ ಬೇಕಾಯಿತು, ಅದು ಬಂದದ್ದು 1995ರ ನವೆಂಬರ್ 9ಕ್ಕೆ. ನಾವು ರಾಜ್ಯೋತ್ಸವದ ಪೆಂಡಾಲು ಬಿಚ್ಚುವ ಹೊತ್ತಿಗೆ ಆ ದಿನ ಪ್ರತಿ ವರ್ಷ ಬಂದು ಹೋಗುತ್ತದೆ.

ಆ ಕಾಯ್ದೆಯ 12ನೇ ಕಲಮು ಏನು ಹೇಳುತ್ತದೆ? ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆಯ ಕಾರ್ಮಿಕರಿಗೆ, ನೆರೆ ಬರ ಭೂಕಂಪದಲ್ಲಿ ಮನೆಮಾರು ಕಳಕೊಂಡವರಿಗೆ, ಪೊಲೀಸರ ಅಥವಾ ಜೈಲಿನ ವಶದಲ್ಲಿರುವ ಯಾರಿಗೇ ಆಗಲಿ ವಕೀಲರು ಉಚಿತ. ಇವರ್ಯಾರೂ ಆದಾಯದ ಸರ್ಟಿಫಿಕೇಟು ತರಬೇಕಾಗಿಲ್ಲ. ಆದಾಯದ ಮಿತಿ ಇರುವುದು ಈ ಪಟ್ಟಿಯ ಹೊರಗಿನ ಬಡವರಿಗೆ ಮಾತ್ರ. ವಕೀಲರಷ್ಟೇ ಅಲ್ಲ. ಕೋರ್ಟ್ ಫೀ, ನಕಲು ಪಡೆಯುವ ಖರ್ಚು, ಕಾಗದಪತ್ರದ ಅಚ್ಚಿನ ಖರ್ಚು, ಭಾಷಾಂತರದ ಖರ್ಚು ಎಲ್ಲವೂ ಆ ನೆರವಿನೊಳಗೇ ಬರುತ್ತದೆ. ಭಾಷಾಂತರ! ಇನ್ನೊಮ್ಮೆ ಓದಿಕೊಳ್ಳಿ. ಪ್ಯಾನೆಲ್ಲಿನ ವಕೀಲರು ಕಕ್ಷಿದಾರರಿಂದ ಒಂದು ಪೈಸೆ ಮುಟ್ಟುವಂತಿಲ್ಲ ಎಂದು 2010ರ ನಿಯಮಾವಳಿಯಲ್ಲೇ ಇದೆ. ನಮ್ಮ ಅಕ್ಕ ಕೊಟ್ಟ 1,500 ರೂಪಾಯಿ ಯಾವ ಲೆಕ್ಕದ್ದು, ನೀವೇ ಹೇಳಿ.

ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಬಾಯಿ ಮುಚ್ಚಿಕೊಂಡು ಕೂತಿಲ್ಲ. 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ಕಥೆ ಹೊರಬಂದಾಗ, ಬಡ ಆರೋಪಿಗೆ ವಕೀಲರ ನೆರವು ಕೊಡುವುದು ಬದುಕುವ ಹಕ್ಕಿನದೇ ಭಾಗ ಎಂದಿತು. 1986ರ ಸುಕ್ ದಾಸ್ ಪ್ರಕರಣ ಅದಕ್ಕಿಂತ ಮುಖ್ಯ. ಅರುಣಾಚಲದ ಆ ಮನುಷ್ಯ ‘ನನಗೆ ವಕೀಲರು ಬೇಕು’ ಎಂದು ಕೇಳಿಯೇ ಇರಲಿಲ್ಲ. ಕೇಳದಿದ್ದವನಿಗೆ ಯಾಕೆ ಕೊಡಬೇಕು ಎಂಬ ವಾದ ಎದ್ದಿತು. ಹಕ್ಕು ಇದೆ ಎಂದೇ ಗೊತ್ತಿಲ್ಲದವನು ಹೇಗೆ ಕೇಳುತ್ತಾನೆ, ಅವನಿಗೆ ತಿಳಿಸುವುದು ನ್ಯಾಯಾಧೀಶರ ಕೆಲಸ ಎಂದು ಹೇಳಿ ಕೋರ್ಟು ಶಿಕ್ಷೆಯನ್ನೇ ರದ್ದು ಮಾಡಿತು. ಹೋದ 2025ರ ನವೆಂಬರಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಯಾರನ್ನೇ ಬಂಧಿಸಿದರೂ ಬಂಧನದ ಕಾರಣವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕು.

ತಿಳಿಯುವ ಭಾಷೆ! ಬಂಧನಕ್ಕೆ ಈ ಮಾತು ಸರಿಯಾದರೆ ಜಪ್ತಿಗೆ ಯಾಕೆ ಬೇಡ? ಸಮನ್ಸಿಗೆ ಯಾಕೆ ಬೇಡ? ಮನೆ ಖಾಲಿ ಮಾಡಿಸುವ ಡಿಕ್ರಿಗೆ ಯಾಕೆ ಬೇಡ?

ಪದ ಇಲ್ಲವಂತೆ!

ಈ ಮಾತೆತ್ತಿದರೆ ಕಪ್ಪು ಕೋಟಿನ ಕೆಲವರು ನಗುತ್ತಾರೆ. ‘ಕನ್ನಡದಲ್ಲಿ ಕಾನೂನಿನ ಪದಗಳಿಲ್ಲ ಸ್ವಾಮಿ.’ ಹೌದೇ? ದಾವೆ, ತಕರಾರು, ಜಾಮೀನು, ಜಪ್ತಿ, ಕರಾರು, ವಾಯಿದೆ, ವಕಾಲತ್ತು, ಪಾಟೀಸವಾಲು, ತಡೆಯಾಜ್ಞೆ, ಭೋಗ್ಯ, ಗೇಣಿ, ಕ್ರಯಪತ್ರ, ಪಹಣಿ. ಇವು ಯಾವ ಭಾಷೆಯಲ್ಲಿ ಓಡಾಡುವ ಪದಗಳು? ಫಾರಸಿಯಿಂದ ಬಂತೋ ಸಂಸ್ಕೃತದಿಂದ ಬಂತೋ, ನಮ್ಮ ಹಳ್ಳಿಯ ಅಜ್ಜನ ಬಾಯಲ್ಲಿ ಅವು ನೂರಾರು ವರ್ಷ ಹುರಿಗೊಂಡಿವೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂರುವ ಪತ್ರ ಬರಹಗಾರರು ತಲೆಮಾರುಗಳಿಂದ ಚಕ್ಕುಬಂದಿ ಹಾಕಿ, ಒಂದು ಅಂಗುಲವೂ ತಪ್ಪದಂತೆ, ಕನ್ನಡದಲ್ಲಿ ಕ್ರಯಪತ್ರ ಬರೆಯುತ್ತಿದ್ದಾರೆ. ಜಮೀನು ಕನ್ನಡದಲ್ಲಿ ಕೊಂಡದ್ದು, ಪಹಣಿ ಕನ್ನಡದಲ್ಲಿದೆ, ಒತ್ತುವರಿ ಮಾಡಿದವನು ಬೈದದ್ದೂ ಕನ್ನಡದಲ್ಲೇ. ಜಗಳ ಕೋರ್ಟಿನ ಮೆಟ್ಟಿಲು ಹತ್ತಿದ ಕೂಡಲೇ ಇಂಗ್ಲಿಷ್ ಆಗುವ ಮಾಯೆ ಯಾವುದು?

1974ರ ಭೂಸುಧಾರಣೆ ತಿದ್ದುಪಡಿಯ ನಂತರ, ದೇವರಾಜ ಅರಸರ ಕಾಲದಲ್ಲಿ, ಲಕ್ಷಾಂತರ ಗೇಣಿದಾರರು 7ನೇ ನಮೂನೆಯ ಅರ್ಜಿ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಅಲ್ಲಿ ವಕೀಲರಿಗೇ ಪ್ರವೇಶ ಇರಲಿಲ್ಲ, ಆ ನಿರ್ಬಂಧವನ್ನು ಸುಪ್ರೀಂ ಕೋರ್ಟು ತೆಗೆದುಹಾಕಿದ್ದು ಆಮೇಲೆ. ರೈತ ತನ್ನ ಬಾಯಿಂದ ತನ್ನ ಸಾಗುವಳಿಯ ಮಾತು ಹೇಳಿದ. ಆ ಮಂಡಳಿಗಳಲ್ಲಿ ಎಲ್ಲವೂ ನ್ಯಾಯವಾಗಿಯೇ ನಡೆಯಿತು ಎಂದು ನಾನು ಹೇಳುವುದಿಲ್ಲ, ಧಣಿಗಳು ಅಲ್ಲೂ ಕೈಯಾಡಿಸಿದರು. ಆದರೆ ಭಾಷೆ ಇಲ್ಲದೆ ನ್ಯಾಯ ನಿಂತುಹೋಯಿತು ಎಂದು ಯಾರೂ ದೂರಲಿಲ್ಲ.

ಕಾನೂನಿನ ಪ್ರಕಾರ ಹೈಕೋರ್ಟಿನ ಕೆಳಗಿನ ಕೋರ್ಟುಗಳ ಭಾಷೆಯನ್ನು ನಿರ್ಧರಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ನಮ್ಮ ರಾಜ್ಯದಲ್ಲಿ ಆ ಭಾಷೆ ಕನ್ನಡವೇ. ಅಂದರೆ ಹೊಸದಾಗಿ ಯಾರ ಕಾಲಿಗೂ ಬೀಳಬೇಕಾಗಿಲ್ಲ! ಎಷ್ಟೋ ನ್ಯಾಯಾಧೀಶರು ಚೆನ್ನಾದ ಕನ್ನಡದಲ್ಲಿ ತೀರ್ಪು ಬರೆಯುತ್ತಿದ್ದಾರೆ, ಅವರಿಗೆ ಶರಣು. ಅಂಥವರನ್ನು ಹುಡುಕಿ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಪ್ರಶಸ್ತಿ ಕೊಟ್ಟು ಸನ್ಮಾನಿಸುತ್ತದೆ. ನೀರು ಕೊಟ್ಟಿತೆಂದು ನಲ್ಲಿಗೆ ಹಾರ ಹಾಕುವ ಊರಿನಲ್ಲಿ ಉಳಿದ ನಲ್ಲಿಗಳ ಗತಿ ಏನಿರಬೇಕು, ಊಹಿಸಿ.

ಹೈಕೋರ್ಟಿನ ಮಾತು ಬೇರೆ. ಸಂವಿಧಾನದ 348ನೇ ವಿಧಿ ಅಲ್ಲಿ ಇಂಗ್ಲಿಷನ್ನು ಕೂರಿಸಿದೆ. ಅದರ ಎರಡನೇ ಉಪವಿಧಿಯಲ್ಲಿ ಒಂದು ಕಿಟಕಿ ಇದೆ: ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯಪಾಲರು ರಾಜ್ಯಭಾಷೆಗೆ ಅವಕಾಶ ಕೊಡಬಹುದು. ಈ ಕಿಟಕಿಯಿಂದ ರಾಜಸ್ಥಾನ 1950ರಲ್ಲಿ, ಉತ್ತರ ಪ್ರದೇಶ 1969ರಲ್ಲಿ, ಮಧ್ಯಪ್ರದೇಶ 1971ರಲ್ಲಿ, ಬಿಹಾರ 1972ರಲ್ಲಿ ಹಿಂದಿಯನ್ನು ಒಳಗೆ ಕರೆದುಕೊಂಡವು. ಕನ್ನಡಕ್ಕೆ, ತಮಿಳಿಗೆ, ಬಂಗಾಳಿಗೆ, ಗುಜರಾತಿಗೆ ಕೇಳಿದಾಗ? ಮುಖ್ಯ ನ್ಯಾಯಮೂರ್ತಿಗಳ ಅಭಿಪ್ರಾಯ ಕೇಳಬೇಕೆಂದು ಕೇಂದ್ರ ಸಂಪುಟ 1965ರಲ್ಲಿ ಮಾಡಿಕೊಂಡ ತೀರ್ಮಾನ ಅಡ್ಡ ಬಂತು. 2012ರಲ್ಲಿ ಸುಪ್ರೀಂ ಕೋರ್ಟಿನ ಪೂರ್ಣ ಸಭೆ ಬೇಡ ಎಂದಿತು. ಹಿಂದಿಗೆ ತೆರೆದ ಕಿಟಕಿ ಕನ್ನಡ ಬಂದಾಗ ಮುಚ್ಚಿಕೊಳ್ಳುವುದು ಯಾವ ನ್ಯಾಯ?

‘ಬೇರೆ ರಾಜ್ಯದಿಂದ ಬರುವ ನ್ಯಾಯಮೂರ್ತಿಗಳಿಗೆ ಕನ್ನಡ ಬಾರದಲ್ಲ’ ಎನ್ನುತ್ತಾರೆ. ನಿಜ, ಈ ತೊಡಕು ಇದೆ. ಹಾಗಾದರೆ ಭಾಷಾಂತರ ಅವರಿಗೆ ಮಾಡಿಕೊಡಿ! ಸುಪ್ರೀಂ ಕೋರ್ಟೇ 2019ರಿಂದ ತೀರ್ಪುಗಳ ಅನುವಾದಕ್ಕೆ ಕಂಪ್ಯೂಟರ್ ಯಂತ್ರ ಇಟ್ಟುಕೊಂಡಿದೆ. ಆರು ಕೋಟಿ ಜನ ಇಂಗ್ಲಿಷ್ ಕಲಿಯುವುದು ಸುಲಭವೋ, ನಾಲ್ಕಾರು ಜನರಿಗೆ ಅನುವಾದ ಒದಗಿಸುವುದು ಸುಲಭವೋ? 2024ರ ಡಿಸೆಂಬರಿನಲ್ಲಿ ನಮ್ಮದೇ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಪೀಠ ಕನ್ನಡದಲ್ಲಿ ತೀರ್ಪು ಕೊಟ್ಟಿತು. ಆಕಾಶ ಕಳಚಿ ಬೀಳಲಿಲ್ಲ.

ಅರ್ಧ ಚಹಾದ ನ್ಯಾಯ

ಇನ್ನು ದುಡ್ಡಿನ ಮಾತು. ಇಂಡಿಯಾ ಜಸ್ಟಿಸ್ ರಿಪೋರ್ಟ್ ಎಂಬ ವರದಿಯಲ್ಲಿ 2022ರಲ್ಲೂ 2025ರಲ್ಲೂ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕ ಮೊದಲ ಸ್ಥಾನದಲ್ಲಿದೆ. ಸಂತೋಷ. ಆದರೆ ಅದೇ 2025ರ ವರದಿಯಲ್ಲಿ ಇನ್ನೊಂದು ಲೆಕ್ಕ ಇದೆ. ಈ ದೇಶ ಕಾನೂನು ನೆರವಿಗೆ ತಲೆಯೊಂದಕ್ಕೆ ಖರ್ಚು ಮಾಡುವುದು ವರ್ಷಕ್ಕೆ 7 ರೂಪಾಯಿಗಿಂತ ಕಡಿಮೆ. ನಮ್ಮ ಗಲ್ಲಿಯ ಗೂಡಂಗಡಿಯಲ್ಲಿ ಅಷ್ಟಕ್ಕೆ ಅರ್ಧ ಚಹಾ. ಇಂಥ ಓಟದಲ್ಲಿ ಮೊದಲು ಬಂದರೆ ಎದೆ ಉಬ್ಬಿಸಬೇಕೇ? 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನೂರಕ್ಕೆ 75ಕ್ಕಿಂತ ಹೆಚ್ಚು ಜನರ ತಪ್ಪು ಇನ್ನೂ ಸಾಬೀತೇ ಆಗಿಲ್ಲ.

ನನಗೆ ಟೈಪಿಂಗ್ ಖರ್ಚು ಕೇಳಿದ ವಕೀಲರ ಮೇಲೆ ಸಿಟ್ಟಿದೆ. ಆದರೆ ಪ್ಯಾನೆಲ್ ವಕೀಲರಿಗೆ ಸರ್ಕಾರ ಕೊಡುವ ಸಂಭಾವನೆ ಎಷ್ಟು, ಅದು ಎಷ್ಟು ತಡವಾಗಿ ಕೈಗೆ ಬರುತ್ತದೆ ಎಂದು ಅವರ ಬಾಯಿಂದಲೇ ಕೇಳಿದ್ದೇನೆ. ಬಡವರ ಕೇಸಿಗೆ ಬಡ ಸಂಭಾವನೆ ಇಟ್ಟರೆ ಬರುವುದು ಇನ್ನೂ ಪ್ರಾಕ್ಟೀಸು ಕುದುರದವರು ಅಥವಾ ಕುದುರದೇ ಹೋದವರು. ನಡುವೆ ಒಬ್ಬಿಬ್ಬರು ನಮ್ಮ ಆ ಹೆಣ್ಣುಮಗಳಂಥ ಪುಣ್ಯವಂತರು. ಪುಣ್ಯವಂತರನ್ನು ನಂಬಿ ವ್ಯವಸ್ಥೆ ನಡೆಸುವುದಾದರೆ ಇಲಾಖೆ ಯಾಕೆ, ಮಠ ಸಾಕು. 2022ರಲ್ಲಿ ಬಂದ ಯೋಜನೆಯಲ್ಲಿ ಕ್ರಿಮಿನಲ್ ಕೇಸುಗಳಿಗೆ ಪೂರ್ಣಾವಧಿ ಸಂಬಳದ ವಕೀಲರನ್ನು ನೇಮಿಸಿದ್ದಾರೆ. ಒಳ್ಳೆಯ ಕೆಲಸ. ಸಿವಿಲ್ ಕೇಸುಗಳಿಗೂ ಅದೇ ಬೇಕು. ಮನೆ, ಕೂಲಿ, ಜೀವನಾಂಶ ಇವುಗಳಲ್ಲೇ ಬಡವರು ಮುಳುಗುವುದು. ಆ ವಕೀಲರು ಕನ್ನಡದಲ್ಲಿ ಅರ್ಜಿ ಬರೆಯಬಲ್ಲವರೇ ಎಂದು ನೇಮಕದ ದಿನವೇ ನೋಡಬೇಕು.

ಜೊತೆಗೆ ಖರ್ಚೇ ಇಲ್ಲದ ಒಂದು ಕೆಲಸ. ಕೋರ್ಟಿನಿಂದ ಹೊರಡುವ ಪ್ರತಿ ಸಮನ್ಸಿನ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಅಚ್ಚಾಗಲಿ: ಇದು ಏನು, ಯಾವ ದಿನ ಬರಬೇಕು, ಬರದಿದ್ದರೆ ಏನಾಗುತ್ತದೆ, ಉಚಿತ ವಕೀಲರು ಯಾವ ಕೋಣೆಯಲ್ಲಿ ಸಿಗುತ್ತಾರೆ. ದಾವೆಯ ನಕಲು ಇಂಗ್ಲಿಷಿನಲ್ಲಿದ್ದರೆ ಅದರ ಕನ್ನಡ ಸಾರಾಂಶ ಲಗತ್ತಿಸದೆ ಅಮೀನರು ಹೊರಡಕೂಡದು. ಮುದ್ರಕನಾಗಿ ಹೇಳುತ್ತೇನೆ, ಒಂದು ಹಾಳೆಯ ಮೇಲೆ ನಾಲ್ಕು ಸಾಲು ಹೆಚ್ಚು ಅಚ್ಚು ಹಾಕಿದರೆ ಖರ್ಚು ಕಿಂಚಿತ್ತೂ ಏರುವುದಿಲ್ಲ. ಮಸಿ ಕೂಡ ಲೆಕ್ಕಕ್ಕೆ ಬರುವುದಿಲ್ಲ.

ಗೆಳೆಯರೇ, ಒಂದು ಕಹಿ ಮಾತು. ನಾವು ಅಂಗಡಿಯ ಬೋರ್ಡಿಗಾಗಿ ಬೀದಿಗಿಳಿದೆವು, ಸಿನಿಮಾ ಪೋಸ್ಟರಿಗಾಗಿ ಇಳಿದೆವು. ನಾನೂ ಇಳಿದಿದ್ದೇನೆ, ಅದರ ಕರಪತ್ರಗಳನ್ನು ಸಾಲಕ್ಕೆ ಅಚ್ಚು ಹಾಕಿಕೊಟ್ಟಿದ್ದೇನೆ (ಕೆಲವರ ಬಾಕಿ ಇನ್ನೂ ಇದೆ). ಬೋರ್ಡು ಇಂಗ್ಲಿಷಿನಲ್ಲಿದ್ದರೆ ಅಕ್ಕನ ಸ್ವಾಭಿಮಾನಕ್ಕೆ ಪೆಟ್ಟು. ಸಮನ್ಸು ಇಂಗ್ಲಿಷಿನಲ್ಲಿದ್ದರೆ ಅಕ್ಕನ ತಟ್ಟೆಗೇ ಪೆಟ್ಟು. ಎರಡನೆಯದಕ್ಕೆ ನಾವು ಒಂದು ದಿನವಾದರೂ ಕೋರ್ಟಿನ ಗೇಟಿಗೆ ಹೋಗಿದ್ದೇವೆಯೇ? ಇನ್ನೊಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಬೆಂಗಳೂರಿನ ಠಾಣೆಯಲ್ಲಿ ಕೂತ ಒಡಿಶಾದ ಗಾರೆ ಕೆಲಸದ ಹುಡುಗನಿಗೆ ಅವನ ಭಾಷೆಯಲ್ಲಿ ಹೇಳುವವರು ಬೇಕು. ಕಾಸರಗೋಡಿನ ನಮ್ಮ ಅಣ್ಣನಿಗೆ ಅಲ್ಲಿಯ ಕೋರ್ಟಿನಲ್ಲಿ ಕನ್ನಡ ಬೇಕು ಎಂದು ಕೇಳುವ ಬಾಯಿಗೆ ಇದನ್ನೂ ಹೇಳುವ ಧೈರ್ಯ ಇರಬೇಕು.

ಈಗ ಕೆಲಸದ ಮಾತು. ಅಂಗೈ ಅಗಲದ ಒಂದು ಚೀಟಿ ಮಾಡಿಸಿದ್ದೇನೆ. ‘ಕೋರ್ಟಿನಿಂದ, ಪೊಲೀಸರಿಂದ ಕಾಗದ ಬಂತೇ? ಹೆದರಬೇಡಿ, ದೇವರ ಪಟದ ಹಿಂದೆ ಇಡಬೇಡಿ. 15100ಕ್ಕೆ ಫೋನ್ ಮಾಡಿ, ದುಡ್ಡು ಬೇಡ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಕಾರ್ಮಿಕರಿಗೆ, ಬಂಧನದಲ್ಲಿರುವವರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ವಕೀಲರು ದುಡ್ಡು ಕೇಳಿದರೆ ಜಿಲ್ಲಾ ಕೋರ್ಟಿನ ಕಾನೂನು ಸೇವೆಗಳ ಕಾರ್ಯದರ್ಶಿಗೆ ಬರೆದು ದೂರು ಕೊಡಿ.’ ಇಷ್ಟೇ. ‘ಸದರಿ’ ಇಲ್ಲ, ‘ಮೇರೆಗೆ’ ಇಲ್ಲ. ಅಚ್ಚಿಗೆ ಮೊದಲು ಅಕ್ಕನ ಕೈಗೆ ಕೊಟ್ಟು ಓದಿಸಿದೆ. ‘ಅರ್ಹರು’ ಎಂಬ ಒಂದು ಪದದ ಹತ್ತಿರ ಎಡವಿದಳು, ತೆಗೆದುಹಾಕಿದೆ.

ಹತ್ತು ಸಾವಿರ ಚೀಟಿ ಮಡಿಸಿ ಕಟ್ಟಿ ಇಟ್ಟಿದೆ. ನಿಮ್ಮ ಬಡಾವಣೆಯ ಗಾರ್ಮೆಂಟ್ಸ್ ಗೇಟಿಗೆ, ಆಟೋ ಸ್ಟ್ಯಾಂಡಿಗೆ, ಸಂತೆಗೆ ಒಯ್ಯುವವರು ಪತ್ರಿಕೆ ತಂದುಕೊಡುವ ಹುಡುಗರ ಕೈಲಿ ಹೇಳಿಕಳಿಸಿ. ಬೆಳಿಗ್ಗೆ ಒಂಬತ್ತೂವರೆಗೆ ಪ್ರೆಸ್ಸಿನ ಬಾಗಿಲು ತೆರೆದಿರುತ್ತದೆ. ಬರುವಾಗ ನಿಮ್ಮ ಬೀದಿಯಲ್ಲಿ ಯಾರ ಮನೆಯಲ್ಲಾದರೂ ಓದದೆ ಇಟ್ಟ ಕೋರ್ಟಿನ ಕಾಗದ ಇದೆಯೇ ಎಂದು ಕೇಳಿಕೊಂಡು ಬನ್ನಿ. ವಾಯಿದೆಯ ತಾರೀಖು ಮೊದಲು ನೋಡಿ. ದಾಟಿಹೋಗಿದ್ದರೂ ಬಿಡಬೇಡಿ. ಏಕಪಕ್ಷೀಯ ಡಿಕ್ರಿ ತೆಗೆಸಲು ಡಿಕ್ರಿಯಾದ ದಿನದಿಂದ 30 ದಿನ ಇರುತ್ತದೆ, ಸಮನ್ಸು ಸರಿಯಾಗಿ ತಲುಪಿರದಿದ್ದರೆ ಗೊತ್ತಾದ ದಿನದಿಂದ. ದಿನ ಎಣಿಸಿಕೊಂಡು ಅವತ್ತೇ ಆ ಕೋಣೆಗೆ ಕರೆದುಕೊಂಡು ಹೋಗಿ.